ಮನೆಯ ಮೇಜಿನ ಮೇಲೆ ಲಿನಕ್ಸ್: ಒಂದಿಷ್ಟು ಇತಿಹಾಸ, ಒಂದಿಷ್ಟು ಲೆಕ್ಕಾಚಾರ

1991ರಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಂಗತಿಗಳು ನಡೆದವು. ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 21 ವರ್ಷದ ಲಿನಸ್ ಟೊರ್ವಾಲ್ಡ್ಸ್, ತಾವು ಹವ್ಯಾಸಕ್ಕಾಗಿ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಂ ಬರೆಯುತ್ತಿರುವುದಾಗಿ ತಿಳಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಹೊರಬಂತು. ಅದರಲ್ಲಿ ಕನ್ನಡ ಲಿಪಿಗೂ ಒಂದು ಮನೆ ಸಿಕ್ಕಿತು. ಮೊದಲನೆಯದು ಮುಂದೆ ಲಿನಕ್ಸ್ ಎಂದು ಹೆಸರಾಯಿತು. ಎರಡನೆಯದರಿಂದಾಗಿ ಇವತ್ತು ನೀವು ಈ ಲೇಖನವನ್ನು ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ ಯಾವ ತೊಡಕೂ ಇಲ್ಲದೆ ಓದುತ್ತಿದ್ದೀರಿ. ಈ ಎರಡೂ ಒಂದೇ ಪರದೆಯ ಮೇಲೆ ಸರಿಯಾಗಿ ಕೂಡಿಕೊಳ್ಳಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಈ ಹಳೆಯ ಕಥೆ ಈಗ ಯಾಕೆ ಎಂದರೆ, ನಮ್ಮ ಮಹಿಳಾ ವೇದಿಕೆಯ ವಾಟ್ಸಾಪ್ ಗುಂಪಿನಲ್ಲಿ ಕೆಲವು ತಿಂಗಳಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಹೆಸರು ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಭದ್ರತಾ ಅಪ್‌ಡೇಟ್ ಇನ್ನೊಂದು ವರ್ಷ ಸಿಗುತ್ತದೆ, ಅಷ್ಟೇ. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಸುಮಾರು 2018ಕ್ಕಿಂತ ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. "ಚೆನ್ನಾಗೇ ನಡೀತಿರೋ ಲ್ಯಾಪ್‌ಟಾಪ್ ಬಿಸಾಕಬೇಕಾ? ನೀನು ಕಂಪ್ಯೂಟರ್ ಓದಿದವಳಲ್ವಾ, ಆ ಲಿನಕ್ಸ್ ಅನ್ನೋದು ನಮಗೆ ಆಗತ್ತಾ ಹೇಳು" ಎಂದು ಅಕ್ಕಂದಿರು, ಆಂಟಿಯರು ಕೇಳುತ್ತಾರೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ನನಗೆ ಮನಸ್ಸಿಲ್ಲ. ನಾವು ಕೇಳುತ್ತಿರುವ ಪ್ರಶ್ನೆಯನ್ನು ದೊಡ್ಡ ದೊಡ್ಡ ನಗರಗಳು, ರಾಜ್ಯಗಳು ಈಗಾಗಲೇ ಕೇಳಿಕೊಂಡಿವೆ. ಅವುಗಳ ಅನುಭವ ನೋಡಿಕೊಂಡು ನಿರ್ಧರಿಸುವುದು ಲೇಸು.

ಒಳಗೆ ಬಟ್ಟೆ ಬಿಟ್ಟು ಹೊಲಿದ ರವಿಕೆ

ಮುಕ್ತ ತಂತ್ರಾಂಶ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ರವಿಕೆಯ ಉದಾಹರಣೆ ಕೊಡುತ್ತೇನೆ. ಒಳ್ಳೆಯ ದರ್ಜಿ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರುತ್ತಾನೆ. ಮೈ ತುಂಬಿಕೊಂಡರೆ ಬಿಚ್ಚಿ ಸಡಿಲ ಮಾಡಿಕೊಳ್ಳಬಹುದು, ತಂಗಿಗೆ ಕೊಡುವಾಗ ಬಿಗಿ ಮಾಡಬಹುದು, ಅದೇ ದರ್ಜಿಯ ಹತ್ತಿರವೇ ಹೋಗಬೇಕೆಂದಿಲ್ಲ. ಇನ್ನು ಕೆಲವು ಸಿದ್ಧ ಉಡುಪುಗಳಲ್ಲಿ ಒಳಗೆ ಏನನ್ನೂ ಬಿಟ್ಟಿರುವುದಿಲ್ಲ. ಅಳತೆ ಸರಿಹೊಂದಿದರೆ ಸರಿ, ಇಲ್ಲದಿದ್ದರೆ ಹೊಸದು ಕೊಳ್ಳಬೇಕು. ತಂತ್ರಾಂಶದ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಈ ಬಿಟ್ಟ ಬಟ್ಟೆಯ ಹಾಗೆ.

ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಎಂಬ ಯೋಜನೆ ಪ್ರಕಟಿಸಿದ್ದು ಈ ಬಟ್ಟೆ ಎಲ್ಲರಿಗೂ ಸಿಗಲಿ ಎಂದೇ. 1989ರಲ್ಲಿ ಅವರು ಜಿಪಿಎಲ್ ಎಂಬ ಪರವಾನಗಿ ಬರೆದರು. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ. ಆದರೆ ತಿದ್ದಿದ್ದನ್ನು ಹಂಚುವಾಗ ಮುಂದಿನವರಿಗೂ ಅದೇ ಹಕ್ಕು ಕೊಡಬೇಕು ಎಂಬುದು ಅದರ ಷರತ್ತು. ಗ್ನೂ ಯೋಜನೆಯಲ್ಲಿ ಅನೇಕ ಸಲಕರಣೆಗಳು ಸಿದ್ಧವಾಗಿದ್ದವು, ಯಂತ್ರವನ್ನು ನಡೆಸುವ ತಿರುಳು ಮಾತ್ರ ತಯಾರಾಗಿರಲಿಲ್ಲ. ಟೊರ್ವಾಲ್ಡ್ಸ್ ಬರೆದದ್ದು ಆ ತಿರುಳನ್ನು. 1992ರಲ್ಲಿ ಅವರೂ ಜಿಪಿಎಲ್ ಆರಿಸಿಕೊಂಡ ಮೇಲೆ ಎರಡೂ ಒಂದಾದವು.

ತಿರುಳು, ಸಲಕರಣೆ ಎಲ್ಲವನ್ನೂ ಒಟ್ಟುಗೂಡಿಸಿ ಸುಲಭವಾಗಿ ಹಾಕಿಕೊಳ್ಳುವಂತೆ ಕೊಡುವ ಕಟ್ಟಿಗೆ ಡಿಸ್ಟ್ರಿಬ್ಯೂಷನ್ ಎನ್ನುತ್ತಾರೆ. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ ಡೆಬಿಯನ್ ಅವುಗಳಲ್ಲಿ ಹಿರಿಯರ ಸಾಲಿಗೆ ಸೇರಿದ್ದು. ಆ ಹೆಸರಿನ ಮೊದಲರ್ಧ ಅವರ ಅಂದಿನ ಗೆಳತಿ ಡೆಬ್ರಾಳದು, ಉಳಿದರ್ಧ ಅವರದು.

ಮೇಜಿನ ಮೇಲೆ ಬಂದದ್ದು

ಆಗಿನ ಲಿನಕ್ಸ್ ಎಂದರೆ ಕಪ್ಪು ಪರದೆ, ಬಿಳಿ ಅಕ್ಷರ. ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಚ್ 1996ರಲ್ಲಿ ಕೆಡಿಇ ಎಂಬ ಚಿತ್ರಮಯ ಮೇಜನ್ನು ಆರಂಭಿಸಿದರು. ಒಂದೊಂದು ತಂತ್ರಾಂಶದ ರೂಪ ಒಂದೊಂದು ಥರ ಇದೆ, ತನ್ನ ಗೆಳತಿಗೆ ಇದನ್ನು ಬಳಸಲು ಆಗುತ್ತಿಲ್ಲ ಎಂಬುದು ಅವರ ತಕರಾರುಗಳಲ್ಲಿ ಒಂದಾಗಿತ್ತು. ಮರುವರ್ಷ ಮೆಕ್ಸಿಕೋದ ಮಿಗೆಲ್ ದೆ ಇಕಾಜಾ ಮತ್ತು ಫೆಡೆರಿಕೋ ಮೆನಾ ಗ್ನೋಮ್ ಆರಂಭಿಸಿದರು. ಇವತ್ತಿಗೂ ಬಹುಪಾಲು ಲಿನಕ್ಸ್ ಡೆಸ್ಕ್‌ಟಾಪ್‌ಗಳು ಈ ಎರಡು ಮನೆತನಗಳಿಗೆ ಸೇರಿದವೇ.

ಹೆಣ್ಣುಮಕ್ಕಳಿಗೆ ಬಳಸಲು ಆಗಬೇಕು ಎಂಬ ಕಾಳಜಿ ಹೀಗೆ ಮೊದಲೇ ಇತ್ತು. ಅದನ್ನು ಹೆಣ್ಣುಮಕ್ಕಳೇ ಕಟ್ಟಬೇಕು ಎಂಬ ಯೋಚನೆ ಬರಲು ಮಾತ್ರ ತಡವಾಯಿತು. 2006ರಲ್ಲಿ ಗೂಗಲ್‌ನ ಬೇಸಿಗೆ ಕಾರ್ಯಕ್ರಮಕ್ಕಾಗಿ ಗ್ನೋಮ್‌ಗೆ 181 ಅರ್ಜಿಗಳು ಬಂದವು. ಅವುಗಳಲ್ಲಿ ಮಹಿಳೆಯರದು ಒಂದೂ ಇರಲಿಲ್ಲ. ಗ್ನೋಮ್‌ನವರು ಸುಮ್ಮನಿರದೆ ಮಹಿಳೆಯರಿಗಾಗಿಯೇ ಬೇರೊಂದು ಕಾರ್ಯಕ್ರಮ ಘೋಷಿಸಿದಾಗ ನೂರಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದರು. ಆಸಕ್ತಿಯಿಲ್ಲ ಎಂಬುದು ಸುಳ್ಳು, ಕರೆಯುವವರಿರಲಿಲ್ಲ ಎಂಬುದು ನಿಜ. ಆ ಪ್ರಯತ್ನವೇ ಬೆಳೆದು ಇಂದು ಔಟ್‌ರೀಚಿ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಸ್ಟೈಪೆಂಡ್ ಸಿಗುತ್ತದೆ, ಮನೆಯಿಂದಲೇ ಕೆಲಸ ಮಾಡಬಹುದು. ಎಂಜಿನಿಯರಿಂಗ್ ಓದುತ್ತಿರುವ ಮಗಳೋ ಸೊಸೆಯೋ ಇದ್ದರೆ ಈ ಹೆಸರನ್ನು ಅವರಿಗೆ ಹೇಳಿ.

ಉಳಿದ ಸಾಮಾನುಗಳು ಒಂದೊಂದಾಗಿ ಸೇರಿಕೊಂಡವು. ಸನ್ ಕಂಪನಿ ತಾನು ಕೊಂಡಿದ್ದ ಸ್ಟಾರ್‌ಆಫೀಸಿನ ಮೂಲವನ್ನು 2000ದಲ್ಲಿ ತೆರೆದಿಟ್ಟಿದ್ದರಿಂದ ಓಪನ್‌ಆಫೀಸ್ ಹುಟ್ಟಿತು. 2010ರಲ್ಲಿ ಅದರಿಂದ ಕವಲೊಡೆದದ್ದೇ ಇಂದಿನ ಲಿಬ್ರೆಆಫೀಸ್. 2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 1.0 ಬಂತು. ಅದಕ್ಕೆ ಒಂದು ತಿಂಗಳು ಮೊದಲು ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ ಉಬುಂಟು ಬಿಡುಗಡೆ ಮಾಡಿದ್ದರು. ಕೇಳಿದವರ ಮನೆಗೆ ಅಂಚೆಯಲ್ಲಿ ಸಿ.ಡಿ. ಪುಕ್ಕಟೆಯಾಗಿ ಬರುತ್ತಿತ್ತು. ನಾನು ಬಿ.ಇ. ಓದುವಾಗ ನಮ್ಮ ಹಾಸ್ಟೆಲಿನಲ್ಲಿ ಇಂಟರ್ನೆಟ್ ಆಮೆ ನಡಿಗೆಯದು. ಇಡೀ ಸಿಸ್ಟಂ ಡೌನ್‌ಲೋಡ್ ಮಾಡುವುದು ಕನಸಿನ ಮಾತು. ಆ ಸಿ.ಡಿ.ಗಳೇ ನಮ್ಮ ಕೊಠಡಿಯಿಂದ ಕೊಠಡಿಗೆ ಓಡಾಡಿದವು. ನನ್ನ ವೃತ್ತಿಗೆ ಅಡಿಪಾಯ ಬಿದ್ದದ್ದು ಅಲ್ಲಿಯೇ.

ಮ್ಯೂನಿಕ್ ನಗರದ ಹದಿನಾಲ್ಕು ವರ್ಷ

ಕಚೇರಿ ಕೆಲಸಕ್ಕೆ ಲಿನಕ್ಸ್ ಸಾಕೇ ಎಂಬ ಪ್ರಶ್ನೆಗೆ ಹೆಸರಾದ ಒಂದು ದೊಡ್ಡ ಪ್ರಯೋಗ ನಡೆದದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ. ಅಲ್ಲಿನ ನಗರಾಡಳಿತದ ಸುಮಾರು 14,000 ಕಂಪ್ಯೂಟರುಗಳಲ್ಲಿ ವಿಂಡೋಸ್ ಎನ್‌ಟಿ ಇತ್ತು. ಅದರ ಬೆಂಬಲ ಮುಗಿಯುತ್ತಾ ಬಂದಾಗ, ಇಂದು ನಮ್ಮ ಮುಂದಿರುವ ಪ್ರಶ್ನೆಯೇ ಅವರ ಮುಂದೆ ನಿಂತಿತು. 2003ರಲ್ಲಿ ಮೈಕ್ರೋಸಾಫ್ಟ್ ಮುಖ್ಯಸ್ಥ ಸ್ಟೀವ್ ಬಾಲ್ಮರ್ ತಮ್ಮ ರಜೆಯನ್ನು ನಡುವೆಯೇ ಬಿಟ್ಟು ಮೇಯರ್ ಕ್ರಿಶ್ಚಿಯನ್ ಊಡೆ ಅವರನ್ನು ಕಾಣಲು ಬಂದರು, ರಿಯಾಯಿತಿಯನ್ನೂ ಕೊಡಲು ಮುಂದಾದರು. ಆದರೂ ಆ ವರ್ಷದ ಮೇ ತಿಂಗಳಲ್ಲಿ ನಗರಸಭೆ ಲಿನಕ್ಸ್ ಪರವಾಗಿ ಮತ ಹಾಕಿತು. ಯೋಜನೆಯ ಹೆಸರು ಲಿಮಕ್ಸ್.

ತೊಡಕು ಬಂದದ್ದು ಆಪರೇಟಿಂಗ್ ಸಿಸ್ಟಂನಿಂದಲ್ಲ, ವರ್ಷಗಳಿಂದ ಗುಡ್ಡೆ ಬಿದ್ದಿದ್ದ ಫಾರಂಗಳಿಂದ. ಒಂದೊಂದು ಇಲಾಖೆಗೆ ತನ್ನದೇ ನಮೂನೆ, ತನ್ನದೇ ಮ್ಯಾಕ್ರೋ, ತನ್ನದೇ ಐಟಿ ವಿಭಾಗ. ಅವನ್ನೆಲ್ಲ ಹುಡುಕಿ, ಬೇಡದ್ದನ್ನು ಕಳೆದು, ಉಳಿದದ್ದನ್ನು ಹೊಸದಾಗಿ ಬರೆಯಲು ವೋಲ್‌ಮಕ್ಸ್ ಎಂಬ ಪ್ರತ್ಯೇಕ ತಂತ್ರಾಂಶವನ್ನೇ ಅವರು ರಚಿಸಬೇಕಾಯಿತು. 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರುಗಳಲ್ಲಿ ಲಿನಕ್ಸ್ ಕೂತಿತು. 1 ಕೋಟಿ ಯೂರೋಗೂ ಹೆಚ್ಚು ಉಳಿಯಿತು ಎಂದು ನಗರಾಡಳಿತ ಹೇಳಿತು. ಮೈಕ್ರೋಸಾಫ್ಟ್‌ಗಾಗಿ ಎಚ್‌ಪಿ ನಡೆಸಿದ ಅಧ್ಯಯನ ಆ ಲೆಕ್ಕವನ್ನು ಒಪ್ಪಲಿಲ್ಲ.

2014ರಲ್ಲಿ ಮೇಯರ್ ಬದಲಾದರು. ಹೊರಗಿನವರು ಕಳಿಸಿದ ಕಡತ ಸರಿಯಾಗಿ ತೆರೆಯುವುದಿಲ್ಲ, ಕೆಲವು ವಿಶೇಷ ತಂತ್ರಾಂಶಗಳು ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತವೆ ಎಂಬ ದೂರುಗಳು ಮೇಲೆ ಬಂದವು. 2016ರಲ್ಲಿ ಸಲಹಾ ಸಂಸ್ಥೆಯೊಂದು ಕೊಟ್ಟ ವರದಿ, ತೊಂದರೆಯ ದೊಡ್ಡ ಪಾಲು ಐಟಿ ಆಡಳಿತ ಹರಿದು ಹಂಚಿಹೋಗಿರುವುದರಲ್ಲಿದೆ ಎಂದು ಹೇಳಿತು. ಆದರೂ 2017ರಲ್ಲಿ ನಗರಸಭೆ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು.

ಇಷ್ಟನ್ನೇ ಓದಿ ಲಿನಕ್ಸ್ ಸೋತಿತು ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಹಲವು ವರ್ಷ ಆ ನಗರದ ಕೆಲಸ ಲಿನಕ್ಸ್ ಮೇಲೆಯೇ ನಡೆಯಿತು ಎಂಬುದೂ ನಿಜ. ಸುತ್ತಲಿನವರೆಲ್ಲ ಬೇರೆ ಪದ್ಧತಿಯಲ್ಲಿರುವಾಗ ಒಬ್ಬರೇ ಬದಲಾಗುವುದು ಎಷ್ಟು ಕಷ್ಟ ಎಂಬುದೂ ಅಷ್ಟೇ ನಿಜ. 2024ರಲ್ಲಿ ಅದೇ ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ 30,000 ಕಂಪ್ಯೂಟರುಗಳಿಗೆ ಮೊದಲು ಲಿಬ್ರೆಆಫೀಸ್, ಆಮೇಲೆ ಲಿನಕ್ಸ್ ಎಂಬ ಕ್ರಮವನ್ನು ಪ್ರಕಟಿಸಿದೆ. ಮೊದಲು ಕಡತ, ಆಮೇಲೆ ಯಂತ್ರ. ಈ ಕ್ರಮ ನಮಗೂ ಒಗ್ಗುವಂಥದ್ದು.

ನೆರೆಮನೆಯ ಅನುಭವ

ನಮ್ಮ ದೇಶದಲ್ಲಿ ದೊಡ್ಡ ಹೆಜ್ಜೆ ಇಟ್ಟದ್ದು ಕೇರಳ. ಸರ್ಕಾರಿ ಶಾಲೆಗಳ ಐಟಿ ಅಟ್ ಸ್ಕೂಲ್ ಯೋಜನೆ 2001ರ ಸುಮಾರಿಗೆ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಅದು ಮುಕ್ತ ತಂತ್ರಾಂಶಕ್ಕೆ ಹೊರಳಿತು, 2008ರ ಹೊತ್ತಿಗೆ ಹತ್ತನೆಯ ತರಗತಿಯ ಐಟಿ ಪರೀಕ್ಷೆ ಪೂರ್ತಿ ಲಿನಕ್ಸ್ ಮೇಲೆ ನಡೆಯಿತು. 2017ರಲ್ಲಿ ಆ ಯೋಜನೆ ಕೈಟ್ ಎಂಬ ಸಂಸ್ಥೆಯಾಯಿತು. 2019ರಲ್ಲಿ ಅದು ತನ್ನದೇ ಲಿನಕ್ಸ್ ಆವೃತ್ತಿಯನ್ನು ಹೊಸದಾಗಿಸಿದಾಗ ಶಾಲೆಗಳ 2 ಲಕ್ಷ ಕಂಪ್ಯೂಟರುಗಳಿಗೆ ಅದನ್ನು ಹಾಕುವ ಮಾತಾಡಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕಂಪ್ಯೂಟರ್ ಕಲಿಯುವುದು ಇದರಲ್ಲಿಯೇ. ಎಷ್ಟೋ ಕನ್ನಡದ ಮಕ್ಕಳಿಗೆ ವಿಂಡೋಸ್‌ಗಿಂತ ಮೊದಲು ಲಿನಕ್ಸ್ ಪರಿಚಯವಾಗಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ಕೇರಳದ ಪ್ರಯೋಗ ಗಟ್ಟಿಯಾಗಿ ನಿಂತದ್ದು ಯಾಕೆ? ಅಲ್ಲಿ ಮೊದಲು ಕಲಿಸಿದ್ದು ಶಿಕ್ಷಕರಿಗೆ. ಪಠ್ಯಪುಸ್ತಕವನ್ನೂ ಅದೇ ತಂತ್ರಾಂಶಕ್ಕೆ ಹೊಂದಿಸಿ ಬರೆದರು. ಕೆಟ್ಟರೆ ಕೇಳಲು ಜಿಲ್ಲೆ ಜಿಲ್ಲೆಯಲ್ಲಿ ಜನ ಇದ್ದರು. ಹೊರಗಿನಿಂದ ಬರುವ ಕಡತಗಳ ಕಾಟವೂ ಶಾಲೆಗೆ ಕಡಿಮೆ. ಕರ್ನಾಟಕದಲ್ಲಿಯೂ ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ತರಬೇತಿಯಲ್ಲಿ ಐಟಿ ಫಾರ್ ಚೇಂಜ್ ಸಂಸ್ಥೆಯ ನೆರವಿನಿಂದ ಉಬುಂಟು ಬಳಕೆಗೆ ಬಂದಿತ್ತು. ಅದು ಕೇರಳದಷ್ಟು ವ್ಯಾಪಕವಾಗಿ ನೆಲೆಯೂರಲಿಲ್ಲ.

ತಮಿಳುನಾಡು 2011ರಿಂದ ವಿದ್ಯಾರ್ಥಿಗಳಿಗೆ ಹಂಚಿದ ಉಚಿತ ಲ್ಯಾಪ್‌ಟಾಪ್‌ಗಳಲ್ಲಿ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್ ಮತ್ತು ವಿಂಡೋಸ್ ಎರಡೂ ಇದ್ದವು. ಕಲಿಸುವವರು ಇಲ್ಲದ ಕಡೆ ಮಕ್ಕಳು ಅಕ್ಕಪಕ್ಕದಲ್ಲಿ ಕಂಡದ್ದನ್ನೇ ತೆರೆಯುತ್ತಾರೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಕನ್ನಡದ ಅಕ್ಷರ, ಪುಣೆಯ ನೀರು

ಇನ್ನು ನಮ್ಮ ಭಾಷೆಯ ವಿಷಯ. ಯೂನಿಕೋಡ್ ಬಳಕೆಗೆ ಬರುವ ಮೊದಲು ನಮ್ಮೆಲ್ಲರ ಕೈಗೆ ಕನ್ನಡ ಕೊಟ್ಟದ್ದು 1998ರಲ್ಲಿ ಬಂದ ಬರಹ ಮತ್ತು ಆಮೇಲೆ ಬಂದ ಕನ್ನಡ ಗಣಕ ಪರಿಷತ್ತಿನ ನುಡಿ. ಹೊರನಾಡಿನ ಕನ್ನಡ ಸಂಘಗಳ ಎಷ್ಟೋ ಆಮಂತ್ರಣ ಪತ್ರಿಕೆ, ಸ್ಮರಣ ಸಂಚಿಕೆಗಳು ಈ ಎರಡರಿಂದಲೇ ಹೊರಬಂದವು. ಅವುಗಳ ಋಣ ದೊಡ್ಡದು. ಆದರೆ ಎರಡೂ ವಿಂಡೋಸ್‌ಗಾಗಿ ಬರೆದವು. ಅಂದಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ನಮ್ಮ ಸಂಘದ ಹಳೆಯ ಸಂಚಿಕೆಗಳ ಮೂಲ ಕಡತಗಳು ಇಂದು ಅದೇ ಸ್ಥಿತಿಯಲ್ಲಿವೆ. ನಮ್ಮ ಹಿರಿಯರು ಬರೆದ ನೆನಪುಗಳು, ಮೊದಲ ರಾಜ್ಯೋತ್ಸವದ ವರದಿ, ತೀರಿಕೊಂಡವರ ಕವನಗಳು ಅಲ್ಲಿವೆ. ಪರಿವರ್ತಕಗಳ ಮೂಲಕ ಯೂನಿಕೋಡ್‌ಗೆ ತರಬಹುದು. ಹಾಗೆ ತಂದ ಮೇಲೂ ಅಲ್ಲಲ್ಲಿ ಒತ್ತಕ್ಷರ ತಪ್ಪುತ್ತದೆ, ಒಂದೊಂದು ಪುಟವನ್ನೂ ಕಣ್ಣಿಟ್ಟು ಓದಬೇಕು.

ಲಿನಕ್ಸ್‌ಗೆ ಯೂನಿಕೋಡ್ ಕನ್ನಡ ಬಂದ ದಾರಿ ಬೇರೆ. 2002ರ ಗ್ನೋಮ್ 2ರಿಂದ ಪ್ಯಾಂಗೋ ಎಂಬ ಭಾಗ ಅಕ್ಷರ ಜೋಡಿಸುವ ಹೊಣೆ ಹೊತ್ತಿತು. 2004ರಲ್ಲಿ ರೆಡ್ ಹ್ಯಾಟ್ ಕಂಪನಿ ಭಾರತೀಯ ಭಾಷೆಗಳಿಗೆ ಲೋಹಿತ್ ಫಾಂಟುಗಳನ್ನು ಮುಕ್ತವಾಗಿ ಕೊಟ್ಟಿತು, 2011ರಲ್ಲಿ ಇನ್ನಷ್ಟು ಸಡಿಲವಾದ ಪರವಾನಗಿಗೆ ಬದಲಿಸಿತು. ಅವನ್ನು ವರ್ಷಗಟ್ಟಲೆ ತಿದ್ದಿ ತೀಡಿದವರಲ್ಲಿ ಹಲವರು ಆ ಕಂಪನಿಯ ಪುಣೆ ಕಚೇರಿಯ ಎಂಜಿನಿಯರುಗಳು. ನಾನು ಕೆಲಸ ಮಾಡುವ ಊರೂ ಪುಣೆಯೇ. ಲೋಹಿತ್ ಕನ್ನಡದಲ್ಲಿ ಅರ್ಕಾವೊತ್ತು ಸರಿಯಾಗಿ ಕೂತದ್ದನ್ನು ನೋಡಿದಾಗಲೆಲ್ಲ ಈ ಊರಿನ ಬಗ್ಗೆ ಪ್ರೀತಿ ಹೆಚ್ಚುತ್ತದೆ.

ಈಗ ಉಬುಂಟು ಅಥವಾ ಮಿಂಟ್ ಹಾಕಿದರೆ ಕೆ.ಪಿ. ರಾವ್ ಅವರ ವಿನ್ಯಾಸ ಆಧರಿಸಿದ ಕಗಪ ಕೀಲಿಮಣೆ ಅದರಲ್ಲಿಯೇ ಇರುತ್ತದೆ. ನುಡಿಯಲ್ಲಿ ಟೈಪ್ ಮಾಡಿ ಪಳಗಿದ ಬೆರಳುಗಳು ಹೊಸದೇನನ್ನೂ ಕಲಿಯಬೇಕಿಲ್ಲ. ಗುಬ್ಬಿ, ನವಿಲು ಎಂಬ ಚೆಂದದ ಹೆಸರಿನ ಫಾಂಟುಗಳೂ ಸಿಗುತ್ತವೆ. ಮೆನುಗಳ ಕನ್ನಡ ಅನುವಾದ ಮಾತ್ರ ಅರೆಬರೆ. ಒಂದು ಸಾಲು ಕನ್ನಡ, ಮುಂದಿನ ಸಾಲು ಇಂಗ್ಲಿಷ್. ಅದನ್ನು ಪೂರ್ತಿ ಮಾಡಲು ಪ್ರೋಗ್ರಾಮಿಂಗ್ ಬೇಕಿಲ್ಲ, ಒಳ್ಳೆಯ ಕನ್ನಡ ಬಂದರೆ ಸಾಕು. ನಮ್ಮ ವೇದಿಕೆಯಲ್ಲಿ ಅದಕ್ಕೆ ಬರವಿಲ್ಲ.

ಏನಾಗುತ್ತದೆ, ಏನಾಗುವುದಿಲ್ಲ

ಈಗ ಲೆಕ್ಕಕ್ಕೆ ಬರೋಣ. ಇಂಟರ್ನೆಟ್ ನೋಡುವುದು, ಮೇಲ್, ಯೂಟ್ಯೂಬ್, ಮಕ್ಕಳ ಆನ್‌ಲೈನ್ ಪಾಠ, ಬ್ಯಾಂಕಿನ ವೆಬ್‌ಸೈಟು, ಪತ್ರ ಬರೆಯುವುದು, ಮನೆಯ ಖರ್ಚಿನ ಪಟ್ಟಿ, ಫೋಟೋ ಜೋಡಿಸಿಡುವುದು, ಕನ್ನಡ ಟೈಪಿಂಗ್, ಇವಿಷ್ಟೂ ಲಿನಕ್ಸ್‌ನಲ್ಲಿ ನೆಮ್ಮದಿಯಾಗಿ ನಡೆಯುತ್ತವೆ. ವಿಂಡೋಸ್ 11 ಬೇಡವೆಂದ ಲ್ಯಾಪ್‌ಟಾಪ್ ಇದರಲ್ಲಿ ಇನ್ನೂ ನಾಲ್ಕೈದು ವರ್ಷ ಬಾಳೀತು. ಪರವಾನಗಿಗೆ ಹಣವಿಲ್ಲ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ 5 ವರ್ಷ ಭದ್ರತಾ ಅಪ್‌ಡೇಟ್ ಇರುತ್ತದೆ. ಹಾಕಿಕೊಳ್ಳುವ ಮೊದಲೇ ಪೆನ್‌ಡ್ರೈವ್‌ನಿಂದ ನಡೆಸಿ ನೋಡಬಹುದು. ವೈಫೈ, ಧ್ವನಿ, ಕ್ಯಾಮೆರಾ ಸರಿಯಿದೆಯೇ ಎಂದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಆಗದ್ದರ ಪಟ್ಟಿಯೂ ಚಿಕ್ಕದಲ್ಲ. ಟ್ಯಾಲಿ ವಿಂಡೋಸ್‌ಗಾಗಿಯೇ ಬರೆದದ್ದು. ತೆರಿಗೆ ಕೆಲಸದ ಎಕ್ಸೆಲ್ ನಮೂನೆಗಳ ಮ್ಯಾಕ್ರೋಗಳು ಲಿಬ್ರೆಆಫೀಸಿನಲ್ಲಿ ಮುಗ್ಗರಿಸುತ್ತವೆ. ಡಿಜಿಟಲ್ ಸಹಿಯ ಟೋಕನ್ ಒಮ್ಮೆ ನಡೆದರೆ ಒಮ್ಮೆ ಇಲ್ಲ. ಫೋಟೋಶಾಪ್, ಕೋರೆಲ್‌ಡ್ರಾ ಇಲ್ಲ. ಗಿಂಪ್, ಇಂಕ್‌ಸ್ಕೇಪ್ ಇವೆ, ಆದರೆ ಮುದ್ರಣಾಲಯದವರು ಕೋರೆಲ್ ಕಡತವನ್ನೇ ಕೇಳಿದರೆ ನೀವು ವಾದ ಮಾಡುತ್ತಾ ಕೂರಲಾಗುವುದಿಲ್ಲ. ಪ್ರಿಂಟರುಗಳು ಬಹುಪಾಲು ನಡೆಯುತ್ತವೆ, ಕೆಲವು ಹಳೆಯ ಸ್ಕ್ಯಾನರುಗಳು ಹಟ ಮಾಡುತ್ತವೆ. ಎಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಬೀದಿಯ ಕಂಪ್ಯೂಟರ್ ರಿಪೇರಿ ಅಂಗಡಿಯವನಿಗೆ ಇದು ಬರುವುದಿಲ್ಲ. ಕೊಟ್ಟರೆ ಅಳಿಸಿ ವಿಂಡೋಸ್ ಹಾಕಿ ಕೊಡುತ್ತಾನೆ.

ಸ್ಟ್ಯಾಟ್‌ಕೌಂಟರ್ ಎಣಿಕೆಯಂತೆ ಜಗತ್ತಿನ ಡೆಸ್ಕ್‌ಟಾಪ್‌ಗಳಲ್ಲಿ ಲಿನಕ್ಸ್ ಪಾಲು ಶೇಕಡ 4ನ್ನು ದಾಟಿದ್ದೇ 2024ರಲ್ಲಿ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳೆಲ್ಲ 2017ರಿಂದ ಲಿನಕ್ಸ್‌ನವೇ. ನಿಮ್ಮ ಆಂಡ್ರಾಯ್ಡ್ ಫೋನಿನ ತಿರುಳೂ ಅದೇ. ಅಂದ ಮೇಲೆ ಯಂತ್ರ ನಡೆಸುವ ಶಕ್ತಿಯ ಬಗ್ಗೆ ಸಂಶಯ ಬೇಡ. ಮೇಜಿನ ಮೇಲೆ ಅದು ಹಿಂದುಳಿದದ್ದು ಸುತ್ತಲಿನ ಫಾರಂ, ಫೈಲು, ಅಂಗಡಿ, ಅಭ್ಯಾಸಗಳಿಂದ.

ನಮ್ಮ ವೇದಿಕೆಗೆ ನನ್ನ ಸಲಹೆ

ಖಜಾಂಚಿಯವರ ಲ್ಯಾಪ್‌ಟಾಪನ್ನು ಮುಟ್ಟುವುದು ಬೇಡ. ಟ್ಯಾಲಿ, ಆಡಿಟರ್, ಡಿಜಿಟಲ್ ಸಹಿ ಎಲ್ಲ ಅದರಲ್ಲಿರುವುದರಿಂದ ಅದು ವಿಂಡೋಸ್‌ನಲ್ಲಿಯೇ ಇರಲಿ, ಹೊಸದು ಕೊಳ್ಳಬೇಕಾದರೂ ಕೊಳ್ಳೋಣ. ಭಾನುವಾರದ ಕನ್ನಡ ಕಲಿ ತರಗತಿಗೆ ಸದಸ್ಯರು ಕೊಟ್ಟ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಹಾಕೋಣ. ಅಲ್ಲಿ ಮಕ್ಕಳಿಗೆ ಬೇಕಾದದ್ದು ಬ್ರೌಸರ್, ಕನ್ನಡ ಕೀಲಿಮಣೆ, ಚಿತ್ರ ಬಿಡಿಸುವ ಒಂದು ತಂತ್ರಾಂಶ. ಕೇರಳದ ಪಾಠ ನೆನಪಿಟ್ಟು, ಮೊದಲು ಪಾಠ ಹೇಳುವ ಅಕ್ಕಂದಿರಿಗೆ ಎರಡು ವಾರ ನಾನು ಕಲಿಸುತ್ತೇನೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಅದಕ್ಕೆ ಲಿನಕ್ಸ್ ಬೇಕೂ ಇಲ್ಲ. ಈ ವರ್ಷದಿಂದ ಸಂಘದ ಎಲ್ಲ ಬರಹವೂ ಯೂನಿಕೋಡ್‌ನಲ್ಲಿಯೇ ಇರಲಿ. ಲೇಖನಗಳ ಮೂಲ ಪ್ರತಿಯನ್ನು 2006ರಲ್ಲಿ ಐಎಸ್‌ಒ ಮಾನ್ಯತೆ ಪಡೆದ ಓಡಿಎಫ್ ರೂಪದಲ್ಲಿ ಉಳಿಸೋಣ. ಹಳೆಯ ಸಂಚಿಕೆಗಳ ಕಡತಗಳನ್ನು ಪರಿವರ್ತಿಸುವ ಕೆಲಸವನ್ನು ನಾನು ಕೈಗೆತ್ತಿಕೊಳ್ಳುತ್ತೇನೆ. ಪರಿವರ್ತನೆಯಾದ ಪುಟಗಳನ್ನು ಓದಿ ಒತ್ತಕ್ಷರ ತಿದ್ದಲು ಐದಾರು ಮಂದಿ ಬೇಕು. ಆ ಸಂಚಿಕೆಗಳನ್ನು ಅಂದು ಅಚ್ಚಿಗೆ ಕಳಿಸಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ತಪ್ಪಿಹೋದ ಒಂದು ಪದ ಏನಿತ್ತು ಎಂದು ಅವರು ಹೇಳಬಲ್ಲರು. ಈ ಕೆಲಸವನ್ನು ಇನ್ನು ಮುಂದೂಡುವುದು ಬೇಡ.

ಸ್ವಂತ ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸಿ ನೋಡಬೇಕೆನ್ನುವವರು ಮುಂದಿನ ಮಾಸಿಕ ಸಭೆಗೆ ಅದನ್ನೂ 8 ಜಿಬಿಯ ಒಂದು ಖಾಲಿ ಪೆನ್‌ಡ್ರೈವ್ ಅನ್ನೂ ತನ್ನಿ. ಬರುವ ಮೊದಲು ನಿಮ್ಮ ಫೋಟೋ, ಕಡತಗಳನ್ನೆಲ್ಲ ಬೇರೆಡೆ ಒಂದು ಪ್ರತಿ ತೆಗೆದಿಟ್ಟುಕೊಂಡಿರಿ.